ಕಂಪ್ಯೂಟರ್ ಕಟ್ಟೆ: ವಿಎಲ್‌ಸಿ ಅಪ್‌ಡೇಟ್ ಹೇಗೆ, ಬದಲಿ ಪ್ಲೇಯರ್ ಯಾರಿಗೆ?

ಈ ತಿಂಗಳು ಮುಂಬೈ, ಪುಣೆ, ಗೋವಾ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರೋಗ್ರಾಂ ಬಗ್ಗೆ. ವಿಡಿಯೋ, ಹಾಡು ಓಡಿಸುವ, ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಗುರುತಿನ ವಿಎಲ್‌ಸಿ. ಅದಕ್ಕೇ ಇಡೀ ಅಂಕಣವನ್ನು ಬಿಟ್ಟುಕೊಟ್ಟಿದ್ದೇವೆ. ಮೆನುವಿನ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ, ಪರದೆಯ ಮೇಲೆ ಅದೇ ಉಚ್ಚಾರದ ಇಂಗ್ಲಿಷ್ ಪದವನ್ನು ಹುಡುಕಿ. ಬೇರೆ ಹೇಳದ ಕಡೆ ಎಲ್ಲವೂ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ ಮಾತು.

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಎಲ್‌ಸಿ 3.0.12 ಇದೆ. ಹೊಸ ಆವೃತ್ತಿ ಬಂದಿದೆ ಎಂದು ತೋರಿಸುತ್ತದೆ. ಒಪ್ಪಿದರೆ ಡೌನ್‌ಲೋಡ್ ಪೂರ್ತಿಯಾಗುತ್ತದೆ, ಆಮೇಲೆ ಏನೂ ಇಲ್ಲ. ಮತ್ತೆ ತೆರೆದರೆ ಅದೇ 3.0.12. ವೈರಸ್ ಏನಾದರೂ ಹೊಕ್ಕಿದೆಯೇ? (ಡೊಂಬಿವಲಿ ಪೂರ್ವ)

ಉತ್ತರ: ವೈರಸ್ ಅಲ್ಲ. 3.0.12 ಮತ್ತು 3.0.13 ಆವೃತ್ತಿಗಳ ಅಪ್‌ಡೇಟರ್‌ನಲ್ಲೇ ಒಂದು ದೋಷವಿತ್ತು. ಹೊಸ ಫೈಲನ್ನು ಇಳಿಸಿಕೊಳ್ಳುತ್ತದೆ, ಅದು ಅಸಲಿಯೇ ಎಂದು ಪರೀಕ್ಷಿಸುತ್ತದೆ, ಆದರೆ ಇನ್‌ಸ್ಟಾಲರನ್ನು ಓಡಿಸುವುದೇ ಇಲ್ಲ. 2021ರ ಮೇ ತಿಂಗಳಲ್ಲಿ 3.0.14 ಬಿಡುಗಡೆಯಾದದ್ದು ಇದನ್ನು ಸರಿಪಡಿಸಲೆಂದೇ. ದೋಷ ನಿಮ್ಮ ಹಳೆಯ ಆವೃತ್ತಿಯ ಒಳಗೇ ಕೂತಿರುವುದರಿಂದ ಅದು ಎಷ್ಟು ಸಲ ಪ್ರಯತ್ನಿಸಿದರೂ ಅಲ್ಲೇ ನಿಲ್ಲುತ್ತದೆ. ಒಂದು ಸಲ ಕೈಯಾರೆ ದಾಟಿಸಿದರೆ ಮುಂದಿನದ್ದನ್ನು ಅದೇ ನೋಡಿಕೊಳ್ಳುತ್ತದೆ.

ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆಯ ವಿಡಿಯೋಲ್ಯಾನ್ ಡಾಟ್ ಆರ್ಗ್ ತಾಣಕ್ಕೆ ಹೋಗಿ. ಡೌನ್‌ಲೋಡ್ ಬಟನ್ನಿನ ಪಕ್ಕದ ಸಣ್ಣ ಬಾಣ ಒತ್ತಿ, ವಿಂಡೋಸ್ 64 ಬಿಟ್ ಇನ್‌ಸ್ಟಾಲರ್ ಆರಿಸಿ. ಸುಮಾರು 45 ಎಂಬಿಯ ಫೈಲು. ವಿಎಲ್‌ಸಿಯನ್ನು ಮುಚ್ಚಿ ಅದನ್ನು ಓಡಿಸಿದರೆ, ಹಳೆಯ ಸೆಟ್ಟಿಂಗ್ ಉಳಿಸಿಕೊಂಡು ಮೇಲಕ್ಕೇರಿಸುವ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಹಾಗೇ ಮುಂದುವರಿಯಿರಿ.

ಎರಡು ಕಡೆ ಸಿಕ್ಕಿಹಾಕಿಕೊಳ್ಳಬಹುದು. ಮೊದಲನೆಯದು, ‘ಫೈಲನ್ನು ಬರೆಯಲು ತೆರೆಯಲಾಗಲಿಲ್ಲ’ ಎಂಬರ್ಥದ ದೋಷ. ಕಿಟಕಿ ಮುಚ್ಚಿದ್ದರೂ ವಿಎಲ್‌ಸಿ ಹಿಂದೆ ಓಡುತ್ತಲೇ ಇದ್ದಾಗ ಹೀಗಾಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ವಿಎಲ್‌ಸಿ ಸಾಲಿನ ಮೇಲೆ ‘ಎಂಡ್ ಟಾಸ್ಕ್’ ಕೊಟ್ಟು, ಇನ್‌ಸ್ಟಾಲರಿನಲ್ಲಿ ‘ರೀಟ್ರೈ’ ಒತ್ತಿ. ‘ಇಗ್ನೋರ್’ ಒತ್ತಲೇಬೇಡಿ. ಅರ್ಧ ಹಳೆಯ, ಅರ್ಧ ಹೊಸ ಫೈಲುಗಳು ಸೇರಿದರೆ ಪ್ಲೇಯರ್ ತೆರೆಯುವುದೇ ಅನುಮಾನ.

ಎರಡನೆಯದು, ಹಳೆಯದು 32 ಬಿಟ್ ಆಗಿರುವುದು. ಅದು ‘ಪ್ರೋಗ್ರಾಂ ಫೈಲ್ಸ್’ ಎಂಬ ಹೆಸರಿನ ಎರಡು ಫೋಲ್ಡರುಗಳಲ್ಲಿ ಎಕ್ಸ್86 ಎಂಬ ಬಾಲ ಇರುವ ಕಡೆ ಕೂತಿದ್ದರೆ 32 ಬಿಟ್ ಎಂದೇ ಅರ್ಥ. ಆಗ ಹಳೆಯದನ್ನು ಮೊದಲು ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ 64 ಬಿಟ್ ಹಾಕಿ. ಅನ್‌ಇನ್‌ಸ್ಟಾಲ್ ಮಾಡುವಾಗ ಪ್ರಿಫರೆನ್ಸಸ್ ಅಳಿಸುವ ಚೌಕಕ್ಕೆ ಗುರುತು ಹಾಕದಿದ್ದರೆ ನಿಮ್ಮ ಸೆಟ್ಟಿಂಗ್ ಉಳಿಯುತ್ತದೆ.

ಪ್ರಶ್ನೆ: ವಿಡಿಯೋ ಚೆನ್ನಾಗಿ ಓಡುತ್ತಿದೆ. ಹಾಗಿದ್ದ ಮೇಲೆ ಅಪ್‌ಡೇಟ್ ಯಾಕೆ ಬೇಕು? ಬ್ಯಾಂಕಿನ ಆ್ಯಪ್ ಏನೂ ಅಲ್ಲವಲ್ಲ. (ಠಾಣೆ)

ಉತ್ತರ: ಪ್ಲೇಯರ್ ಮಾಡುವ ಕೆಲಸವೇ ಹೊರಗಿನವರು ತಯಾರಿಸಿದ ಫೈಲನ್ನು ಬಿಚ್ಚಿ ಓದುವುದು. ಹತ್ತಾರು ಬಗೆಯ ವಿಡಿಯೋ, ಆಡಿಯೋ, ಸಬ್‌ಟೈಟಲ್ ಸ್ವರೂಪಗಳಿಗೆ ಬೇರೆ ಬೇರೆ ಓದುವ ಭಾಗಗಳಿವೆ. ಒಂದರಲ್ಲಿ ಲೆಕ್ಕ ತಪ್ಪಿದರೂ, ಬೇಕೆಂದೇ ಕೆಡಿಸಿದ ಫೈಲು ಪ್ಲೇಯರನ್ನು ಬೀಳಿಸಬಹುದು, ಕೆಲವೊಮ್ಮೆ ತನಗೆ ಬೇಕಾದ ಕೋಡನ್ನೂ ಓಡಿಸಬಹುದು. 2019ರಲ್ಲಿ ಯುರೋಪಿಯನ್ ಒಕ್ಕೂಟ ಹಣ ಕೊಟ್ಟು ದೋಷ ಹುಡುಕಿಸಿತು. ಆಗ ಸಿಕ್ಕವನ್ನೆಲ್ಲ ಮುಚ್ಚಿಕೊಂಡು ಬಂದ 3.0.7, ವಿಎಲ್‌ಸಿಯ ಇತಿಹಾಸದಲ್ಲಿ ಭದ್ರತಾ ತಿದ್ದುಪಡಿ ಅತಿ ಹೆಚ್ಚು ಇದ್ದ ಬಿಡುಗಡೆಗಳಲ್ಲಿ ಒಂದು. 2024ರ ಜೂನ್‌ನ 3.0.21ರಲ್ಲಿ ಎಂಎಂಎಸ್ ಎಂಬ ಹಳೆಯ ಸ್ಟ್ರೀಮಿಂಗ್ ವಿಧಾನದ ಒಂದು ತೂತು ಮುಚ್ಚಿತು. ಆ ವಿಧಾನವನ್ನು ಈಗ ಯಾರೂ ಬಳಸುವುದಿಲ್ಲ ನಿಜ, ಆದರೆ ಕೋಡು ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ.

ಮನೆಯಲ್ಲಿ ತಾವೇ ತೆಗೆದ ವಿಡಿಯೋ ನೋಡುವವರಿಗೆ ಅಪಾಯ ಕಡಿಮೆ. ವಾಟ್ಸಾಪ್ ಗುಂಪಿನಲ್ಲೋ ಪೆನ್‌ಡ್ರೈವಿನಲ್ಲೋ ಕೈಯಿಂದ ಕೈಗೆ ಬಂದ ಸಿನಿಮಾ ಫೈಲು ತೆರೆಯುವವರಿಗೆ ಅಷ್ಟು ಕಡಿಮೆಯಲ್ಲ.

ವಿಂಡೋಸ್‌ನಲ್ಲಿ ವಿಎಲ್‌ಸಿ ನಿಮ್ಮನ್ನು ಕೇಳದೆ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹೊಸದು ಬಂದಿದೆ ಎಂದು ತಿಳಿಸುತ್ತದೆ, ಅದೂ ಆ ಸೌಲಭ್ಯ ಚಾಲೂ ಇದ್ದರೆ ಮಾತ್ರ. ‘ಟೂಲ್ಸ್’, ‘ಪ್ರಿಫರೆನ್ಸಸ್’, ‘ಇಂಟರ್‌ಫೇಸ್’ ಪುಟದಲ್ಲಿ ‘ಆ್ಯಕ್ಟಿವೇಟ್ ಅಪ್‌ಡೇಟ್ಸ್ ನೋಟಿಫೈಯರ್’ ಎಂಬ ಚೌಕವಿದೆ, ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬ ಅಂಕಿಯೂ ಪಕ್ಕದಲ್ಲೇ ಇದೆ. ವಾರಕ್ಕೊಮ್ಮೆ ಸಾಕು. ತಕ್ಷಣ ನೋಡಬೇಕಿದ್ದರೆ ‘ಹೆಲ್ಪ್’ ಮೆನುವಿನ ‘ಚೆಕ್ ಫಾರ್ ಅಪ್‌ಡೇಟ್ಸ್’.

4.0 ಎಂಬ ಹೆಸರಿನ ‘ನೈಟ್ಲಿ’ ಪ್ರತಿಗಳೂ ಸಿಗುತ್ತವೆ. ಅವು ಅಭಿವೃದ್ಧಿ ನಡೆಯುತ್ತಿರುವಾಗ ದಿನದಿನ ತಯಾರಾಗುವ ಪರೀಕ್ಷಾ ಪ್ರತಿಗಳು, ಮನೆಬಳಕೆಗಲ್ಲ. ಮುಂದಿನ ನಂಬರು ನೋಡಿ ಮರುಳಾಗಬೇಡಿ.

ಪ್ರಶ್ನೆ: 2022ರಲ್ಲಿ ವಿಎಲ್‌ಸಿ ತಾಣ ತೆರೆಯುತ್ತಿರಲಿಲ್ಲ. ಆಗಿನಿಂದ ಗೂಗಲ್‌ನಲ್ಲಿ ಮೊದಲು ಕಂಡ ತಾಣದಿಂದ ಇಳಿಸಿಕೊಳ್ಳುತ್ತಿದ್ದೇನೆ. ಸರಿಯೇ? (ಮಾಟುಂಗಾ)

ಉತ್ತರ: ಸರಿಯಲ್ಲ, ಈಗ ಅದರ ಅಗತ್ಯವೂ ಇಲ್ಲ. 2022ರ ಮೊದಲ ತಿಂಗಳುಗಳಿಂದ ವಿಡಿಯೋಲ್ಯಾನ್ ತಾಣವನ್ನು ಭಾರತದಲ್ಲಿ ತಡೆಹಿಡಿಯಲಾಗಿತ್ತು. ವಿಡಿಯೋಲ್ಯಾನ್ ಸಂಸ್ಥೆ ಇಂಟರ್ನೆಟ್ ಫ್ರೀಡಂ ಫೌಂಡೇಷನ್ ನೆರವಿನಿಂದ ಅಕ್ಟೋಬರ್‌ನಲ್ಲಿ ಕಾನೂನು ನೋಟಿಸ್ ಕಳಿಸಿತು, ನವೆಂಬರ್‌ನಲ್ಲಿ ತಡೆ ತೆರವಾಯಿತು. ಆ ನಡುವೆ ಅಡ್ಡದಾರಿ ಹಿಡಿದವರು ಅದೇ ದಾರಿಯಲ್ಲೇ ಉಳಿದುಬಿಟ್ಟಿದ್ದಾರೆ ಎಂಬುದು ನಮಗೆ ಬರುವ ಪತ್ರಗಳಿಂದ ಗೊತ್ತಾಗುತ್ತದೆ. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವುದು ಎಷ್ಟೋ ಸಲ ಜಾಹೀರಾತು. ಹೆಸರು ವಿಎಲ್‌ಸಿಯದೇ, ಕೋನ್ ಚಿತ್ರವೂ ಅದೇ, ಒಳಗೆ ಇನ್ನೇನೋ.

ಈಗ ಕೈಯಲ್ಲಿರುವ ಇನ್‌ಸ್ಟಾಲರ್ ಅಸಲಿಯೇ ಎಂದು ನೋಡಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಹಾಳೆ ಇರಬೇಕು, ಸಹಿದಾರರ ಹೆಸರು ವಿಡಿಯೋಲ್ಯಾನ್ ಎಂದೇ ಇರಬೇಕು. ‘ಡೀಟೇಲ್ಸ್’ ಒತ್ತಿದಾಗ ಸಹಿ ಸರಿಯಿದೆ ಎಂದು ಬರಬೇಕು. ಆ ಹಾಳೆಯೇ ಇಲ್ಲದಿದ್ದರೆ ಫೈಲನ್ನು ಅಳಿಸಿ. ಇನ್ನೂ ಖಚಿತ ಬೇಕೆನ್ನುವವರು ಜಿಪ್ ಫೈಲು ಬಿಚ್ಚುವ 7-ಜಿಪ್ ಪ್ರೋಗ್ರಾಂ ಹಾಕಿಕೊಂಡಿದ್ದರೆ ರೈಟ್ ಕ್ಲಿಕ್ ಮೆನುವಿನಲ್ಲಿ ‘ಸಿಆರ್‌ಸಿ ಎಸ್‌ಎಚ್‌ಎ’ ಸಿಗುತ್ತದೆ. ವಿಂಡೋಸ್ 11ರಲ್ಲಿ ಅದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಅಡಗಿರಬಹುದು. ಅಲ್ಲಿ ಎಸ್‌ಎಚ್‌ಎ-256 ಆರಿಸಿ, ಬಂದ 64 ಅಕ್ಷರಗಳ ಸಾಲನ್ನು ಡೌನ್‌ಲೋಡ್ ಪುಟದಲ್ಲಿ ಕೊಟ್ಟ ಸಾಲಿನೊಂದಿಗೆ ಹೋಲಿಸಿ.

ಅಧಿಕೃತ ತಾಣದಲ್ಲಿ ಒತ್ತಿದರೂ ಫೈಲು ಬೇರೆ ವಿಳಾಸದಿಂದ ಇಳಿಯುತ್ತದೆ ಎಂದು ಕೆಲವರು ಗಾಬರಿಯಾಗುತ್ತಾರೆ. ವಿಡಿಯೋಲ್ಯಾನ್ ಲಾಭರಹಿತ ಸಂಸ್ಥೆ. ವಿಶ್ವವಿದ್ಯಾಲಯಗಳೂ ಸೇವಾದಾರರೂ ಪ್ರಪಂಚದ ನಾನಾ ಕಡೆ ಇಟ್ಟುಕೊಂಡ ಮಿರರ್ ಸರ್ವರ್‌ಗಳಿಂದ ಫೈಲು ಕೊಡುತ್ತದೆ. ಸಹಿ ಸರಿಯಿದ್ದರೆ ಯಾವ ವಿಳಾಸದಿಂದ ಬಂತೆಂಬುದು ಮುಖ್ಯವಲ್ಲ.

ದುಡ್ಡು ಕೇಳಿದರೆ, ಬ್ರೌಸರ್ ಟೂಲ್‌ಬಾರ್ ಅಥವಾ ಆ್ಯಂಟಿವೈರಸ್ ಜೊತೆಗೆ ಹಾಕಲೇ ಎಂದು ಕೇಳಿದರೆ ಅದು ವಿಎಲ್‌ಸಿ ಅಲ್ಲ. ಸಿನಿಮಾ ಫೈಲು ತೆರೆದ ಕೂಡಲೇ ‘ಇದನ್ನು ನೋಡಲು ಈ ಕೋಡೆಕ್ ಇಳಿಸಿಕೊಳ್ಳಿ’ ಎಂಬ ಬರಹ ವಿಡಿಯೋದಲ್ಲೇ ಮೂಡಿದರೂ ಅಷ್ಟೇ, ಅದು ಬಲೆ. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು, ಅಂದರೆ ವಿಡಿಯೋ ಬಿಚ್ಚಿ ಓದುವ ಭಾಗಗಳನ್ನು, ತನ್ನೊಳಗೇ ಇಟ್ಟುಕೊಂಡು ಬರುತ್ತದೆ.

ಪ್ರಶ್ನೆ: ಆಫೀಸು ಕೊಟ್ಟ ಲ್ಯಾಪ್‌ಟಾಪ್. ಅಡ್ಮಿನ್ ಪಾಸ್‌ವರ್ಡ್ ನನ್ನಲ್ಲಿಲ್ಲ, ವಿಎಲ್‌ಸಿ ಅಪ್‌ಡೇಟ್ ಆಗುತ್ತಿಲ್ಲ. (ಹಿಂಜವಡಿ, ಪುಣೆ)

ಉತ್ತರ: ಮೊದಲು ನಿಮ್ಮ ಐಟಿ ವಿಭಾಗವನ್ನು ಕೇಳಿ, ಅವರೇ ಎಲ್ಲರಿಗೂ ಒಟ್ಟಿಗೆ ಅಪ್‌ಡೇಟ್ ಕಳಿಸುತ್ತಿರಬಹುದು. ಅವರ ಅನುಮತಿ ಇದ್ದರೆ ಇನ್‌ಸ್ಟಾಲರ್ ಬದಲು ಜಿಪ್ ಪ್ಯಾಕೇಜ್ ತೆಗೆದುಕೊಳ್ಳಿ. ಅದೇ ಡೌನ್‌ಲೋಡ್ ಬಾಣದ ಪಟ್ಟಿಯಲ್ಲಿದೆ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಬಿಚ್ಚಿ, ಒಳಗಿನ ವಿಎಲ್‌ಸಿ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು, ಪಾಸ್‌ವರ್ಡ್ ಕೇಳುವುದಿಲ್ಲ. ಆ ಫೈಲಿನ ಪಕ್ಕದಲ್ಲೇ ಇಂಗ್ಲಿಷಿನಲ್ಲಿ ‘ಪೋರ್ಟಬಲ್’ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಿಟ್ಟರೆ ಸೆಟ್ಟಿಂಗ್‌ಗಳೆಲ್ಲ ಅದರೊಳಗೇ ಉಳಿಯುತ್ತವೆ.

ಈ ಜಿಪ್ ಪ್ರತಿಯನ್ನು ಅಪ್‌ಡೇಟ್ ಮಾಡುವಾಗ ಹಳೆಯ ಫೋಲ್ಡರಿನ ಮೇಲೇ ಹೊಸದನ್ನು ಬಿಚ್ಚಬಾರದು. ‘ಪ್ಲಗಿನ್ಸ್’ ಫೋಲ್ಡರಿನಲ್ಲಿ ನೂರಾರು ಸಣ್ಣ ಫೈಲುಗಳಿವೆ, ಹೊಸ ಆವೃತ್ತಿಯಲ್ಲಿ ಕೈಬಿಟ್ಟವು ಅಲ್ಲೇ ಉಳಿದು ತಕರಾರು ಮಾಡುತ್ತವೆ. ಹೊಸ ಫೋಲ್ಡರಿನಲ್ಲಿ ಬಿಚ್ಚಿ, ‘ಪೋರ್ಟಬಲ್’ ಅನ್ನು ಮಾತ್ರ ಎತ್ತಿ ಅದರೊಳಗೆ ಇಡಿ.

ಪ್ರಶ್ನೆ: ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಹಾಕಿದರೆ ಬರೀ ಚೌಕಗಳು ಕಾಣುತ್ತವೆ. ನಮ್ಮ ಸಂಘದ ಹಿರಿಯರೊಬ್ಬರು ತಾವೇ ಟೈಪ್ ಮಾಡಿ ಕೊಟ್ಟ ಇನ್ನೊಂದು ಫೈಲಿನಲ್ಲಿ ಚೌಕವೂ ಅಲ್ಲ, ಅಕ್ಷರವೂ ಅಲ್ಲ, ಏನೇನೋ ಚಿಹ್ನೆ. ವಿಎಲ್‌ಸಿ ಕನ್ನಡಕ್ಕೆ ಆಗುವುದಿಲ್ಲವೇ? (ಮುಲುಂಡ್)

ಉತ್ತರ: ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಇಲ್ಲಿರುವುದು ಎರಡು ಬೇರೆ ಕಾಯಿಲೆ, ಎರಡಕ್ಕೂ ಮದ್ದು ಬೇರೆ.

ಚೌಕ ಕಂಡರೆ ಅಕ್ಷರ ಸರಿಯಾಗಿಯೇ ಬಂದಿದೆ, ಅದನ್ನು ಬಿಡಿಸುವ ಫಾಂಟ್ ಸಿಕ್ಕಿಲ್ಲ ಎಂದರ್ಥ. ‘ಟೂಲ್ಸ್’, ‘ಪ್ರಿಫರೆನ್ಸಸ್’, ‘ಸಬ್‌ಟೈಟಲ್ಸ್/ಒಎಸ್‌ಡಿ’ಗೆ ಹೋಗಿ. ಫಾಂಟ್ ಜಾಗದಲ್ಲಿ ‘ನಿರ್ಮಲಾ ಯುಐ’ ಆರಿಸಿ, ವಿಂಡೋಸ್ 8ರಿಂದ ಈಚೆಗೆ ಕನ್ನಡಕ್ಕೆ ಅದೇ ಇದೆ. ವಿಂಡೋಸ್ 7ರವರಿಗೆ ‘ತುಂಗಾ’. ಅಕ್ಷರ ಇನ್ನೂ ದಪ್ಪ, ಸ್ಪಷ್ಟ ಬೇಕೆಂದರೆ ಗೂಗಲ್ಲಿನ ‘ನೋಟೊ ಸ್ಯಾನ್ಸ್ ಕನ್ನಡ’ ಇಳಿಸಿಕೊಂಡು ಹಾಕಬಹುದು, ಅದಕ್ಕೂ ದುಡ್ಡಿಲ್ಲ. ‘ಡೀಫಾಲ್ಟ್ ಎನ್‌ಕೋಡಿಂಗ್’ ಯುಟಿಎಫ್-8 ಇರಲಿ. ಸೇವ್ ಮಾಡಿ, ವಿಎಲ್‌ಸಿಯನ್ನು ಮುಚ್ಚಿ ಮತ್ತೆ ತೆರೆಯಿರಿ. ತೆರೆಯದೆ ನೋಡಿದರೆ ಬದಲಾವಣೆ ಕಾಣುವುದಿಲ್ಲ, ಬಹಳ ಜನ ಇಲ್ಲೇ ಸೋಲುತ್ತಾರೆ.

ಅಕ್ಷರ ಬಂದರೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ ನಿಮ್ಮದು 2.x ಕಾಲದ ವಿಎಲ್‌ಸಿ. ಭಾರತೀಯ ಲಿಪಿಗಳ ಜೋಡಣೆ ನೋಡಿಕೊಳ್ಳುವ ಹಾರ್ಫ್‌ಬಜ್ ಅದಕ್ಕೆ ಸೇರಿದ್ದು 2018ರ ಫೆಬ್ರವರಿಯಲ್ಲಿ ಬಂದ 3.0ರಲ್ಲಿ. ಕನ್ನಡ ಓದುಗರಿಗೆ ಅಪ್‌ಡೇಟ್ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ನಮಗೆ ತೋಚುವುದಿಲ್ಲ.

ಎರಡನೆಯ ಫೈಲು ಯುನಿಕೋಡ್ ಅಲ್ಲ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ಮೂಲ ಚಿಹ್ನೆ ಹಲ್ಲು ಕಿರಿಯುತ್ತದೆ. ನುಡಿ, ಬರಹ ಎರಡರಲ್ಲೂ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಸಾಧನವಿದೆ. ಬದಲಿಸಿದ ಮೇಲೆ ಕಾಲದ ಸಾಲುಗಳನ್ನು ಕಣ್ಣಿಟ್ಟು ನೋಡಿ. ಅವು 00:01:15,200 --> 00:01:18,000 ಎಂಬ ರೂಪದಲ್ಲೇ ಇರಬೇಕು. ಅಂಕಿಗಳು ಕನ್ನಡ ಅಂಕಿಗಳಾಗಿದ್ದರೆ ಅಥವಾ ಬಾಣದ ಗುರುತು ಇನ್ನೇನೋ ಆಗಿದ್ದರೆ ಸಬ್‌ಟೈಟಲ್ ಏಳುವುದೇ ಇಲ್ಲ. ಕನ್ನಡದ ಸಾಲುಗಳನ್ನು ಮಾತ್ರ ಪರಿವರ್ತಿಸಿ, ಕಾಲದ ಸಾಲುಗಳನ್ನು ಮೂಲ ಫೈಲಿನಿಂದಲೇ ಉಳಿಸಿಕೊಳ್ಳುವುದು ಕ್ಷೇಮ.

ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ‘ಸೇವ್ ಆ್ಯಸ್’ ಪೆಟ್ಟಿಗೆಯ ಕೆಳಗಿನ ‘ಎನ್‌ಕೋಡಿಂಗ್’ ಯುಟಿಎಫ್-8 ಇರಲಿ. ‘ಆನ್ಸಿ’ ಎಂದು ಉಳಿಸಿದರೆ ಒಂದೊಂದು ಕನ್ನಡ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ಮರಳಿ ಬರುವುದಿಲ್ಲ. ಹಿರಿಯರ ದುಡಿಮೆ ನೀರುಪಾಲಾಗದಂತೆ ಮೂಲದ ಪ್ರತಿಯನ್ನು ಬೇರೆ ಇಡಿ.

ಸಬ್‌ಟೈಟಲ್ ಫೈಲಿಗೆ ವಿಡಿಯೋದ್ದೇ ಹೆಸರಿಟ್ಟು ಅದೇ ಫೋಲ್ಡರಿನಲ್ಲಿಟ್ಟರೆ ತಾನಾಗಿ ಹತ್ತಿಕೊಳ್ಳುತ್ತದೆ. ಮಾತಿಗಿಂತ ಮೊದಲೇ ಬಂದರೆ ಎಚ್ ಕೀ ಒತ್ತಿ ಹಿಂದಕ್ಕೆ ತಳ್ಳಿ, ತಡವಾದರೆ ಜಿ ಕೀ. ಒಂದು ಒತ್ತಿಗೆ 50 ಮಿಲಿಸೆಕೆಂಡ್.

ಪ್ರಶ್ನೆ: ಹಳೆಯ ಯಕ್ಷಗಾನ ಡಿವಿಡಿಗಳಲ್ಲಿ ವೇಷ ಕುಣಿಯುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಟಿವಿಯಲ್ಲಿ ಹೀಗಿರಲಿಲ್ಲ. (ಮೀರಾ ರೋಡ್)

ಉತ್ತರ: ಆ ಡಿವಿಡಿಗಳು ಪಾಲ್ ಪದ್ಧತಿಯವು. ಒಂದು ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರದಲ್ಲಿ ಬೇರೆ ಬೇರೆ ಕ್ಷಣದ ಎರಡು ಅರ್ಧಗಳು. ಸಮಸಾಲು ಒಂದು ಕ್ಷಣದ್ದು, ಬೆಸಸಾಲು ಇನ್ನೊಂದರದ್ದು. ಹಳೆಯ ಟಿವಿ ಅವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ವೇಷ ನಿಂತಿದ್ದರೆ ಗೊತ್ತಾಗುವುದಿಲ್ಲ, ಧಿಗಿಣ ಹಾಕಿದರೆ ಗೆರೆಗೆರೆ.

‘ಪ್ರಿಫರೆನ್ಸಸ್’ನ ‘ವಿಡಿಯೋ’ ಪುಟದಲ್ಲಿ ‘ಡೀಇಂಟರ್ಲೇಸಿಂಗ್’ ಅನ್ನು ‘ಆಟೊಮ್ಯಾಟಿಕ್’ ಮಾಡಿ, ಮೋಡ್ ‘ಯಾಡಿಫ್ 2ಎಕ್ಸ್’ ಇಡಿ. 2ಎಕ್ಸ್ ಅಲ್ಲದ ಬರೀ ಯಾಡಿಫ್ ಸೆಕೆಂಡಿಗೆ 25 ಚಿತ್ರವನ್ನೇ ಕೊಡುತ್ತದೆ, 2ಎಕ್ಸ್ ಎರಡೂ ಅರ್ಧಗಳನ್ನು ಬಿಡಿಸಿ 50 ಕೊಡುತ್ತದೆ. ಕುಣಿತದ ಓಘ ಉಳಿಯುವುದು ಇದರಲ್ಲೇ. ಕೆಲವು ಡಿವಿಡಿಗಳಲ್ಲಿ ಗುರುತು ತಪ್ಪಾಗಿ ಹಾಕಿರುವುದರಿಂದ ‘ಆಟೊಮ್ಯಾಟಿಕ್’ ಮೋಸಹೋಗುತ್ತದೆ. ಆಗ ವಿಡಿಯೋ ಓಡುವಾಗ ಡಿ ಕೀ ಒತ್ತಿ. ವಿಸಿಡಿಯ ‘ಡ್ಯಾಟ್’ ಫೈಲುಗಳೂ ವಿಎಲ್‌ಸಿಯಲ್ಲಿ ಓಡುತ್ತವೆ, ಆದರೆ ಅವುಗಳ ಚಿತ್ರವೇ 352ಕ್ಕೆ 288. ಅದನ್ನು ಯಾವ ಪ್ಲೇಯರೂ ಹೆಚ್ಚಿಸಲಾರದು.

ಪ್ರಶ್ನೆ: ಮದುವೆಯ 4ಕೆ ವಿಡಿಯೋ, ಐಫೋನಿನಲ್ಲಿ ತೆಗೆದದ್ದು. ಹಳೆಯ ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲಿ ತುಂಡುತುಂಡಾಗಿ ಓಡುತ್ತದೆ, ಬಣ್ಣವೂ ಮಂಕು. ಒಬ್ಬರು ಎಂಪಿವಿ ಹಾಕು ಅನ್ನುತ್ತಾರೆ, ಇನ್ನೊಬ್ಬರು ಎಂಪಿಸಿ-ಎಚ್‌ಸಿ, ಮತ್ತೊಬ್ಬರು ಪಾಟ್‌ಪ್ಲೇಯರ್. ಯಾವುದು ಒಳ್ಳೆಯದು? (ಕೊಥ್ರೂಡ್, ಪುಣೆ)

ಉತ್ತರ: ಪ್ಲೇಯರ್ ಬದಲಿಸುವ ಮೊದಲು ತೊಡಕು ಎಲ್ಲಿದೆ ಎಂದು ನೋಡಿ. ವಿಡಿಯೋ ಓಡುವಾಗ ಕಂಟ್ರೋಲ್ ಮತ್ತು ಜೆ ಒತ್ತಿದರೆ ಕೋಡೆಕ್ ವಿವರ ಬರುತ್ತದೆ. ಐಫೋನಿನದ್ದು ಸಾಮಾನ್ಯವಾಗಿ ಎಚ್‌ಇವಿಸಿ, ಅಂದರೆ ಎಚ್.265 ಎಂಬ, ವಿಡಿಯೋವನ್ನು ಚಿಕ್ಕದಾಗಿ ಕುಗ್ಗಿಸಿಡುವ ವಿಧಾನ. ಪಕ್ಕದ ‘ಸ್ಟ್ಯಾಟಿಸ್ಟಿಕ್ಸ್’ ಹಾಳೆಯಲ್ಲಿ ‘ಲಾಸ್ಟ್’ ಎಂಬ ಅಂಕಿ ಏರುತ್ತಲೇ ಇದ್ದರೆ ಕಂಪ್ಯೂಟರಿಗೆ ಬಿಚ್ಚುವ ವೇಗ ಸಾಲುತ್ತಿಲ್ಲ.

ಎಚ್‌ಇವಿಸಿಯನ್ನು ಗ್ರಾಫಿಕ್ಸ್ ಚಿಪ್ ಬಿಚ್ಚಿದರೆ ಸಲೀಸು, ಪ್ರೊಸೆಸರ್ ಒಂದೇ ಬಿಚ್ಚಬೇಕಾದರೆ ಬೆವರು. ಇಂಟೆಲ್ ಪ್ರೊಸೆಸರುಗಳಲ್ಲಿ 6ನೇ ತಲೆಮಾರಿನಿಂದ 8 ಬಿಟ್ ಎಚ್‌ಇವಿಸಿಗೆ ಚಿಪ್‌ನ ಬೆಂಬಲವಿದೆ, 10 ಬಿಟ್‌ಗೆ 7ನೇ ತಲೆಮಾರಿನಿಂದ. ಐಫೋನ್ 12ರಿಂದ ಈಚಿನ ಫೋನುಗಳಲ್ಲಿ ಎಚ್‌ಡಿಆರ್ (ಬೆಳಕು, ಬಣ್ಣದ ಹೆಚ್ಚಿನ ಹರವು) ಚಾಲೂ ಇದ್ದರೆ ವಿಡಿಯೋ 10 ಬಿಟ್. ನಿಮ್ಮದು 4ನೇ ಅಥವಾ 5ನೇ ತಲೆಮಾರಿನ ಲ್ಯಾಪ್‌ಟಾಪ್ ಆದರೆ ಯಾವ ಪ್ಲೇಯರ್ ಹಾಕಿದರೂ 4ಕೆ ಎಚ್‌ಇವಿಸಿ ಒದ್ದಾಡುತ್ತದೆ. ಅಂಥವರಿಗೆ ದಾರಿ ಒಂದೇ, ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಫಾಸ್ಟ್ 1080ಪಿ30’ ಆರಿಸಿ ನೋಡುವ ಪ್ರತಿಯೊಂದನ್ನು ಮಾಡಿಕೊಳ್ಳುವುದು. ಮೂಲವನ್ನು ಅಳಿಸಬೇಡಿ. ಮುಂದಿನ ಸಮಾರಂಭಕ್ಕೆ ಫೋನಿನ ‘ಸೆಟ್ಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟರೆ ಎಚ್.264ರಲ್ಲೇ ದಾಖಲಾಗುತ್ತದೆ, ಫೈಲು ಮಾತ್ರ ದೊಡ್ಡದು.

ಚಿಪ್‌ಗೆ ಬೆಂಬಲವಿದ್ದೂ ತುಂಡಾದರೆ ‘ಪ್ರಿಫರೆನ್ಸಸ್’, ‘ಇನ್‌ಪುಟ್/ಕೋಡೆಕ್ಸ್’ನಲ್ಲಿ ‘ಹಾರ್ಡ್‌ವೇರ್ ಆ್ಯಕ್ಸಿಲರೇಟೆಡ್ ಡಿಕೋಡಿಂಗ್’ ನೋಡಿ. ‘ಆಟೊಮ್ಯಾಟಿಕ್’ ಇದ್ದರೆ ಡೈರೆಕ್ಟ್3ಡಿ11 ಮಾಡಿ, ಅದೂ ಸಾಲದಿದ್ದರೆ ಡಿಎಕ್ಸ್‌ವಿಎ 2.0. ಗ್ರಾಫಿಕ್ಸ್ ಡ್ರೈವರ್ ಹಳೆಯದಾದರೂ ಹೀಗಾಗುತ್ತದೆ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಹಾಳೆಯಲ್ಲಿ ಜಿಪಿಯು ಒತ್ತಿ, ‘ವಿಡಿಯೋ ಡಿಕೋಡ್’ ಗೆರೆ ಏರಿದರೆ ಚಿಪ್ ಕೆಲಸಕ್ಕೆ ಇಳಿದಿದೆ.

ಮಂಕು ಬಣ್ಣದ ಮಾತು ಬೇರೆ. ಎಚ್‌ಡಿಆರ್ ವಿಡಿಯೋವನ್ನು ಮಾಮೂಲಿ ಪರದೆಗೆ ಇಳಿಸುವಾಗ ಬಣ್ಣ, ಬೆಳಕನ್ನು ಮತ್ತೆ ಹೊಂದಿಸಬೇಕು. ಈ ಕೆಲಸದಲ್ಲಿ ನಮ್ಮ ಅಭಿಪ್ರಾಯದಂತೆ ಎಂಪಿವಿ ವಿಎಲ್‌ಸಿಗಿಂತ ಮುಂದೆ. ಹಾಗಾಗಿ ನಿಮಗೆ ಎಂಪಿವಿ ಸೂಚಿಸಿದವರು ಸುಮ್ಮನೆ ಹೇಳಿಲ್ಲ. ಆದರೆ ಅದರಲ್ಲಿ ಮೆನುಗಳ ಸಾಲು ಇಲ್ಲ, ಸೆಟ್ಟಿಂಗ್ ಪುಟವೂ ಇಲ್ಲ. ಎಲ್ಲ ಕೀಬೋರ್ಡಿನಲ್ಲಿ, ಉಳಿದದ್ದು ಒಂದು ಪಠ್ಯ ಫೈಲಿನಲ್ಲಿ ಬರೆಯಬೇಕು. ವಿಂಡೋಸ್‌ಗೆ ಇನ್‌ಸ್ಟಾಲರ್ ಬದಲು ಬೇರೆಯವರು ತಯಾರಿಸಿದ ಪ್ಯಾಕೇಜ್‌ಗಳಿಗೆ ಎಂಪಿವಿಯ ಅಧಿಕೃತ ತಾಣವೇ ಕೊಂಡಿ ಕೊಡುತ್ತದೆ. ಶಿಂಚಿರೊ ಹೆಸರಿನ ಪ್ಯಾಕೇಜಿನಲ್ಲಿ ‘ಅಪ್‌ಡೇಟರ್’ ಎಂಬ ಬ್ಯಾಚ್ ಫೈಲಿದೆ, ಅದನ್ನು ಓಡಿಸಿದಾಗ ಮಾತ್ರ ಹೊಸದು ಬರುತ್ತದೆ. ಅದು ತಾನಾಗಿ ನೆನಪಿಸುವುದಿಲ್ಲ, ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ದೊಡ್ಡಕ್ಷರದ ಕ್ಯೂ ಒತ್ತಿ ಮುಚ್ಚಿದರೆ ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುವುದು, ಚೌಕಾವರಣ ಕೀಗಳಿಂದ ([ ಮತ್ತು ]) ವೇಗ ಶೇ 10ರಂತೆ ಏರಿಳಿಸುವುದು ಪಾಠದ ವಿಡಿಯೋ ನೋಡುವ ವಿದ್ಯಾರ್ಥಿಗಳಿಗೆ ಹಿತ. ಮನೆಯ ಹಿರಿಯರಿಗೆ ಇದನ್ನು ಹಾಕಿಕೊಡಬೇಡಿ. ಎಂಪಿವಿಯ ಎಂಜಿನ್ನೇ ಒಳಗಿದ್ದು ಹೊರಗೆ ಮಾಮೂಲಿ ಮೆನು ಇರುವ ಎಸ್‌ಎಂಪ್ಲೇಯರ್ ಅವರಿಗೆ ಸರಿ, ಒಂದೊಂದು ಫೈಲನ್ನೂ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.

ಎಂಪಿಸಿ-ಎಚ್‌ಸಿ ಹಗುರ, ಹಳೆಯ ಯಂತ್ರದಲ್ಲೂ ತಟ್ಟನೆ ತೆರೆಯುತ್ತದೆ, ವಿಂಡೋಸ್‌ಗೆ ಮಾತ್ರ. ಇಲ್ಲೊಂದು ಗುಂಡಿ ಇದೆ. ಅದರ ಮೂಲ ತಂಡ 2017ರ ಜುಲೈನಲ್ಲಿ 1.7.13 ಬಿಟ್ಟು ಕೆಲಸ ನಿಲ್ಲಿಸಿತು, ಹಳೆಯ ತಾಣದಲ್ಲಿ ಸಿಗುವುದು ಅದೇ. ಕೆಲಸ ಮುಂದುವರಿದಿರುವುದು ತಂತ್ರಾಂಶಗಳ ಕೋಡು ಇಡುವ ಗಿಟ್‌ಹಬ್ ತಾಣದಲ್ಲಿ, ಸಿಎಲ್‌ಎಸ್‌ಐಡಿ2 ಎಂಬ ಖಾತೆಯಲ್ಲಿ. ಯಾರಾದರೂ ‘ನನ್ನ ಎಂಪಿಸಿ-ಎಚ್‌ಸಿಗೆ ಅಪ್‌ಡೇಟೇ ಬರುವುದಿಲ್ಲ’ ಎಂದರೆ ‘ಹೆಲ್ಪ್’, ‘ಅಬೌಟ್’ ನೋಡಲು ಹೇಳಿ. 1.7.13 ಇದ್ದರೆ ತೆಗೆದು ಗಿಟ್‌ಹಬ್ಬಿನದ್ದನ್ನು ಹಾಕಲಿ.

ಪಾಟ್‌ಪ್ಲೇಯರಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಅದು ಮುಕ್ತ ತಂತ್ರಾಂಶವಲ್ಲ. ಕೊರಿಯಾದ ಕಾಕಾವೋ ಕಂಪನಿಯದು, ಕೋಡು ಮುಚ್ಚಿದೆ. ಸೌಲಭ್ಯ ಬೇಕಾದಷ್ಟಿದೆ, ಅಷ್ಟು ಬೇಕಾದವರು ಕಡಿಮೆ. ನಾವು ಸೂಚಿಸುವುದಿಲ್ಲ. ವಿಂಡೋಸಿನದ್ದೇ ಮೀಡಿಯಾ ಪ್ಲೇಯರ್ ಸ್ಟೋರ್ ಮೂಲಕ ತಾನಾಗಿ ಅಪ್‌ಡೇಟ್ ಆಗುತ್ತದೆ, ಆದರೆ ಎಚ್‌ಇವಿಸಿಗೆ ಎಷ್ಟೋ ಕಂಪ್ಯೂಟರುಗಳಲ್ಲಿ ಸ್ಟೋರಿನಿಂದ ಬೇರೆ ಎಕ್ಸ್‌ಟೆನ್ಷನ್ ಕೊಳ್ಳಬೇಕು. ಮ್ಯಾಕ್ ಇರುವವರಿಗೆ ಐಐಎನ್‌ಎ ಚೆನ್ನಾಗಿದೆ, ಅದರೊಳಗಿರುವುದೂ ಎಂಪಿವಿಯೇ.

ಎರಡು ಪ್ಲೇಯರ್ ಒಟ್ಟಿಗೆ ಇದ್ದರೆ ಜಗಳವಿಲ್ಲ. ಕೊಥ್ರೂಡಿನ ನಿಮಗೆ ನಮ್ಮ ಸಲಹೆ: ವಿಎಲ್‌ಸಿ ಇರಲಿ, ಎಚ್‌ಡಿಆರ್ ವಿಡಿಯೋಕ್ಕೆ ಮಾತ್ರ ಎಂಪಿವಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ವಿತ್’ ಕೊಟ್ಟರಾಯಿತು.

ಪ್ರಶ್ನೆ: ಉಬುಂಟುವಿನಲ್ಲಿ ವಿಎಲ್‌ಸಿಗೆ ‘ಚೆಕ್ ಫಾರ್ ಅಪ್‌ಡೇಟ್ಸ್’ ಕಾಣುವುದೇ ಇಲ್ಲ. ಆವೃತ್ತಿಯೂ ವಿಂಡೋಸಿನದ್ದಕ್ಕಿಂತ ಹಳೆಯದು. (ವಾಸ್ಕೊ)

ಉತ್ತರ: ಲಿನಕ್ಸ್‌ನಲ್ಲಿ ಆ ಕೆಲಸ ವಿಎಲ್‌ಸಿಯದಲ್ಲ, ಉಬುಂಟುವಿನದು. ‘ಸಾಫ್ಟ್‌ವೇರ್ ಅಪ್‌ಡೇಟರ್’ ಓಡಿಸಿದರೆ ಅದರ ಜೊತೆ ವಿಎಲ್‌ಸಿಯದ್ದೂ ಬರುತ್ತದೆ. ಉಬುಂಟು ಒಂದು ಬಿಡುಗಡೆಯ ಕಾಲಕ್ಕೆ ಆವೃತ್ತಿಯನ್ನು ಹಿಡಿದಿಟ್ಟು, ಮೇಲಿಂದ ಮೇಲೆ ತಿದ್ದುಪಡಿಗಳನ್ನು ಮಾತ್ರ ಸೇರಿಸುತ್ತದೆ. ನಂಬರು ಹಳೆಯದೆಂದ ಮಾತ್ರಕ್ಕೆ ತೂತು ಇದೆ ಎಂದಲ್ಲ. ಆದರೆ ವಿಎಲ್‌ಸಿ ಇರುವುದು ‘ಯೂನಿವರ್ಸ್’ ಎಂಬ ವಿಭಾಗದಲ್ಲಿ, ಅಲ್ಲಿ ತಿದ್ದುಪಡಿ ತಡವಾಗಬಹುದು. ಉಬುಂಟು ಪ್ರೊ ಮನೆಬಳಕೆಗೆ ಉಚಿತ, ಅದನ್ನು ಚಾಲೂ ಮಾಡಿದರೆ ಈ ವಿಭಾಗಕ್ಕೂ ಭದ್ರತಾ ತಿದ್ದುಪಡಿ ಸಿಗುತ್ತದೆ.

2019ರ ಜುಲೈಯಲ್ಲಿ ‘ವಿಎಲ್‌ಸಿ ತೆಗೆದುಹಾಕಿ’ ಎಂಬ ಸುದ್ದಿ ಪ್ರಪಂಚವೆಲ್ಲ ಓಡಾಡಿದ್ದು ಕೆಲವರಿಗೆ ನೆನಪಿರಬಹುದು. ದೋಷ ಇದ್ದದ್ದು ವಿಎಲ್‌ಸಿಯಲ್ಲಲ್ಲ, ಎಂಕೆವಿ ಎಂಬ ಬಗೆಯ ವಿಡಿಯೋ ಫೈಲು ಓದಲು ಅದು ಬಳಸುವ ಲಿಬ್‌ಇಬಿಎಂಎಲ್ ಎಂಬ ಲೈಬ್ರರಿಯಲ್ಲಿ. ಅದೂ ವರ್ಷದ ಹಿಂದೆಯೇ ಸರಿಹೋಗಿತ್ತು, 3.0.3ರಿಂದ ಅಧಿಕೃತ ವಿಎಲ್‌ಸಿಯಲ್ಲಿ ಸರಿಯಾದದ್ದೇ ಇತ್ತು. ದೋಷ ವರದಿ ಮಾಡಿದವರ ಉಬುಂಟು 18.04ರಲ್ಲಿ ಆ ಲೈಬ್ರರಿ ಹಳೆಯದು. ಹಾಗಾಗಿ ಲಿನಕ್ಸ್‌ನವರು ವಿಎಲ್‌ಸಿ ಒಂದನ್ನೇ ಆರಿಸಿ ಅಪ್‌ಡೇಟ್ ಮಾಡದೆ ಎಲ್ಲವನ್ನೂ ಒಟ್ಟಿಗೆ ಮಾಡಬೇಕು.

ತೀರಾ ಹೊಸದೇ ಬೇಕೆಂದರೆ ವಿಡಿಯೋಲ್ಯಾನ್ ಪ್ರಕಟಿಸುವ ಸ್ನ್ಯಾಪ್ (ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜ್) ಪ್ರತಿ ಹಾಕಿ, ಅದು ತಾನಾಗಿ ಅಪ್‌ಡೇಟ್ ಆಗುತ್ತದೆ. ಅದರಲ್ಲಿ ಪೆನ್‌ಡ್ರೈವಿನ ಫೈಲು ತೆರೆಯದಿದ್ದರೆ ಆ್ಯಪ್‌ನ ಅನುಮತಿಗಳ ಪಟ್ಟಿಯಲ್ಲಿ ಹೊರಗಿನ ಡ್ರೈವ್ ಓದುವ ಅನುಮತಿ ಕೊಡಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್‌ಡೇಟ್ ಮಾಡಿದ ಮೇಲೆ ಕೋನ್ ಮೇಲೆ ಕೆಂಪು ಟೋಪಿ ಬಂದಿದೆ. ನಕಲಿ ವಿಎಲ್‌ಸಿಯೇ? (ಮಡಗಾಂವ್)

ಉತ್ತರ: ಅಸಲಿಯೇ. ಕ್ರಿಸ್‌ಮಸ್ ಹೊತ್ತಿಗೆ ಸಾಂತಾ ಟೋಪಿ ಹಾಕಿಕೊಳ್ಳುತ್ತದೆ, ಹೊಸ ವರ್ಷ ಬಂದ ಮೇಲೆ ತೆಗೆದಿಡುತ್ತದೆ. ಗೋವಾದಲ್ಲಿದ್ದು ಇದಕ್ಕೆ ಗಾಬರಿಯಾಗಬಾರದು!

ಪ್ರಶ್ನೆ: ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರ್‌ಗೆ ವಿಡಿಯೋ ಹಾಕುತ್ತೇವೆ. ಕಾರ್ಯಕ್ರಮದ ಹೊತ್ತಿಗೇ ಅಪ್‌ಡೇಟ್ ಪೆಟ್ಟಿಗೆ ಎದ್ದು ಪರದೆ ತುಂಬಾ ಕಾಣುತ್ತದೆ, ಫೈಲಿನ ಹೆಸರೂ ಮೂಡುತ್ತದೆ. (ಫೋಂಡಾ, ಗೋವಾ)

ಉತ್ತರ: ಅಪ್‌ಡೇಟ್ ಒಂದು ವಾರ ಮೊದಲೇ ಮುಗಿಸಿ, ಅಂದು ತೋರಿಸಬೇಕಾದ ಅದೇ ಫೈಲುಗಳನ್ನು ಅದೇ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಿ. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೆ ‘ಅಪ್‌ಡೇಟ್ಸ್ ನೋಟಿಫೈಯರ್’ ಚೌಕದ ಗುರುತು ತೆಗೆದಿಡಿ. ಹೊಸ ಆವೃತ್ತಿ ಕೈಕೊಟ್ಟರೆ ಹಿಂದಿನದಕ್ಕೆ ಮರಳಬಹುದು. ವಿಡಿಯೋಲ್ಯಾನ್‌ನ ಡೌನ್‌ಲೋಡ್ ಸರ್ವರಿನಲ್ಲಿ ಹಳೆಯ ಆವೃತ್ತಿಗಳೆಲ್ಲ ಸಾಲಾಗಿವೆ. ಸಭಾಂಗಣದಲ್ಲಿ ನೆಟ್ ಸಿಗುತ್ತದೆಂಬ ಭರವಸೆ ಬೇಡ, ಮೇಲೆ ಹೇಳಿದ ಜಿಪ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಫೈಲಿನ ಹೆಸರು ಕಾಣದಿರಲು ‘ಸಬ್‌ಟೈಟಲ್ಸ್/ಒಎಸ್‌ಡಿ’ ಪುಟದಲ್ಲಿ ‘ಶೋ ಮೀಡಿಯಾ ಟೈಟಲ್ ಆನ್ ವಿಡಿಯೋ ಸ್ಟಾರ್ಟ್’ ಗುರುತು ತೆಗೆಯಿರಿ. ಇನ್ನೊಂದು ವಿಷಯ, ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡೂಪ್ಲಿಕೇಟ್’ ಬದಲು ‘ಎಕ್ಸ್‌ಟೆಂಡ್’ ಆರಿಸಿ. ವಿಎಲ್‌ಸಿ ಕಿಟಕಿಯನ್ನು ಪ್ರೊಜೆಕ್ಟರ್ ಕಡೆಗೆ ಎಳೆದು ಎಫ್ ಒತ್ತಿದರೆ ಪೂರ್ತಿ ಪರದೆ. ನಿಮ್ಮ ಫೋಲ್ಡರುಗಳು, ಮೌಸಿನ ಓಡಾಟ, ಮೇಲೇಳುವ ಪೆಟ್ಟಿಗೆಗಳು ಲ್ಯಾಪ್‌ಟಾಪಿನಲ್ಲೇ ಉಳಿಯುತ್ತವೆ. ಎಕ್ಸ್‌ಟೆಂಡ್ ಮಾಡಿದಾಗ ಧ್ವನಿ ಎಚ್‌ಡಿಎಂಐ ದಾರಿ ಹಿಡಿದು ಪ್ರೊಜೆಕ್ಟರಿನ ಸಣ್ಣ ಸ್ಪೀಕರಿಗೆ ಹೋಗುವುದುಂಟು. ಆಗ ವಿಎಲ್‌ಸಿಯ ‘ಆಡಿಯೋ’ ಮೆನು, ‘ಆಡಿಯೋ ಡಿವೈಸ್’ನಲ್ಲಿ ಲ್ಯಾಪ್‌ಟಾಪಿನ ಸ್ಪೀಕರ್ ಆರಿಸಿ, ಹಾಲ್‌ನ ಮಿಕ್ಸರಿಗೆ ಹೆಡ್‌ಫೋನ್ ಕಿಂಡಿಯಿಂದ ತಂತಿ ಕೊಡಿ.